ಮುತ್ತಿನ ಚಕ್ಕೆ, ಅಣ್ಣಯ್ಯನ ಪಾಕ

ಒಂದು ಕಿಲೋ ಚಕ್ಕೆಗೆ ನಾನು ಕೊಟ್ಟದ್ದು ಇಪ್ಪತ್ತೆರಡು ರೂಪಾಯಿ. ಅದರಲ್ಲಿ ಹದಿನೆಂಟು ಚಕ್ಕೆಗೆ, ನಾಲ್ಕು ವಿದ್ಯೆಗೆ. ಬೆಂಗಳೂರಿನ ಪೇಟೆ ಗಲ್ಲಿಯ ಕೆಮಿಕಲ್ ಅಂಗಡಿಯವನು ಮೊದಲು ಇಪ್ಪತ್ತೈದು ಹೇಳಿದ. ನಾನು ಹದಿನಾರಕ್ಕೆ ಕೇಳಿದೆ. ಹದಿನೆಂಟಕ್ಕೆ ಬಂದು ನಿಂತ. ಸರಿ, ಇದನ್ನು ಕರಗಿಸುವುದು ಹೇಗೆ ಎಂದು ಕೇಳಿದರೆ, ಮಾರುವುದಷ್ಟೇ ತನ್ನ ಕೆಲಸ ಅಂದ. ಪೊಟ್ಟಣವನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದೆ. ನಾಲ್ಕು ಹೆಜ್ಜೆ ಹೋಗುವುದರೊಳಗೆ ಕರೆದ. ನಾಲ್ಕು ರೂಪಾಯಿ ಹೆಚ್ಚಿಗೆ ತೆಗೆದುಕೊಂಡು ರದ್ದಿ ಕಾಗದದ ಹಿಂದೆ ನಾಲ್ಕು ಸಾಲು ಬರೆದುಕೊಟ್ಟ. ಆ ನಾಲ್ಕು ರೂಪಾಯಿಗೆ ನಾನು ಚೌಕಾಸಿ ಮಾಡಲಿಲ್ಲ. ಮಾಲು ಯಾರ ಹತ್ತಿರವಾದರೂ ಸಿಗುತ್ತದೆ, ಹದ ಹೇಳಿಕೊಡುವವರು ಸಿಗುವುದಿಲ್ಲ.

ಚಕ್ಕೆ ಅಂದರೆ ಮೇಣದ ಚಕ್ಕೆ. ಬೆಳ್ಳಗೆ, ತೆಳ್ಳಗೆ, ಒಣಕೊಬ್ಬರಿಯನ್ನು ಈಳಿಗೆಮಣೆಯಲ್ಲಿ ಹೆರೆದ ಹಾಗೆ. ಅಂಗಡಿಯ ಡಬ್ಬದ ಮೇಲೆ ಗ್ಲೈಕಾಲ್ ಸ್ಟಿಯರೇಟ್ ಎಂದಿತ್ತು, ಅಂಗಡಿಯವನು ‘ಪರ್ಲ್’ ಅನ್ನುತ್ತಿದ್ದ, ನಮ್ಮ ಮನೆಯಲ್ಲಿ ಅದು ಮುತ್ತಿನ ಚಕ್ಕೆ ಆಯಿತು. ಶಾಂಪೂವಿಗೆ ಸೇರಿಸಿದರೆ ಮುತ್ತಿನ ಹೊಳಪು ಬರುತ್ತದೆ, ಜೊತೆಗೆ ಗಟ್ಟಿಯೂ ಆಗುತ್ತದೆ. ತಲೆಯ ಕೊಳೆ ತೆಗೆಯುವುದರಲ್ಲಿ ಅದರ ಪಾಲು ಏನೂ ಇಲ್ಲ. ಇದನ್ನು ಆಗ ನನ್ನ ಗಿರಾಕಿಗಳಿಗೆ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಮಂಡ್ಯದಲ್ಲಿ ನಮ್ಮದು ಬಾಡಿಗೆ ಮನೆ, ಹಿಂದೆ ಒಂದು ಹಿತ್ತಲು. ಯಜಮಾನರು ಕಚೇರಿಯಲ್ಲಿ ಗುಮಾಸ್ತೆ. ನಾನು ಮೊದಮೊದಲು ಸೀಗೆಪುಡಿ ಮಾಡಿ ಮನೆಮನೆಗೆ ಮಾರುತ್ತಿದ್ದೆ. ಕಾಲೇಜಿನ ಹುಡುಗಿಯರು ಕಣ್ಣುರಿ ಎಂದು ಸೀಗೆಯನ್ನು ಬಿಡತೊಡಗಿದಾಗ, ನೊರೆ ಬರುವ ದ್ರವವನ್ನು ಬೆಂಗಳೂರಿನಿಂದ ತಂದು, ಅಂಟುವಾಳದ ನೀರು ಬೆರೆಸಿ, ಬಾಟಲಿಗೆ ತುಂಬಿ ಶಾಂಪೂ ಮಾರಲು ಶುರುಮಾಡಿದೆ. ಎಣ್ಣೆ ಹಚ್ಚಿದ ತಲೆಯನ್ನು ಚೆನ್ನಾಗಿಯೇ ತೊಳೆಯುತ್ತಿತ್ತು. ಆದರೆ ತೆಳ್ಳಗಿತ್ತು. ನಮ್ಮ ಕಡೆಯ ಜನ ಗಟ್ಟಿ ಇದ್ದದ್ದನ್ನೇ ನಂಬುವುದು. ಹಾಲನ್ನು ಉಗುರಿನ ಮೇಲೆ ಒಂದು ಹನಿ ಬಿಟ್ಟು, ನಿಲ್ಲುತ್ತದೋ ಜಾರುತ್ತದೋ ನೋಡಿ ಕೊಳ್ಳುವವರು ನಾವು. ಮದ್ದೂರಿನಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರದ ಫ್ಯಾನ್ಸಿ ಅಂಗಡಿಯವರು ನನ್ನ ಬಾಟಲಿಯನ್ನು ಬೆಳಕಿಗೆ ಹಿಡಿದು ಅತ್ತಿತ್ತ ವಾಲಿಸಿದರು.

“ಇದೇನಮ್ಮ, ನೀರ್‍ಮಜ್ಗೆ ತಂದಿದ್ದೀಯ? ವಡೆ ಮಾರೋರ ಪಕ್ಕ ಪ್ಲಾಟ್‌ಫಾರಂ ಮೇಲೆ ಕೂತ್ಕೊ, ಚೆನ್ನಾಗಿ ಓಡ್ತದೆ” ಅಂದರು.

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ಎರಡು ಡಜನ್ ಬಾಟಲಿಯನ್ನು ಹಾಗೇ ಹೊತ್ತುಕೊಂಡು ಬಂದೆ. ಮಾರನೆಯ ವಾರವೇ ಬೆಂಗಳೂರಿನ ರೈಲು ಹತ್ತಿದ್ದು.

ಮೊದಲ ಸಲ ಸಣ್ಣ ಪಾತ್ರೆಯಲ್ಲಿ ನಾನೇ ಮಾಡಿದೆ. ಕಾಗದದಲ್ಲಿ ಬರೆದ ಹಾಗೆ ದ್ರವ ಬಿಸಿಮಾಡಿ, ಚಕ್ಕೆ ಉದುರಿಸಿ, ಕರಗಿದ ಮೇಲೆ ಇಳಿಸಿ, ಮೆಲ್ಲಗೆ ತಿರುಗಿಸುತ್ತ ಕುಳಿತೆ. ಬಿಸಿ ಇರುವಾಗ ಏನೂ ಕಾಣಲಿಲ್ಲ. ಇಪ್ಪತ್ತೆರಡು ರೂಪಾಯಿ ಹೋಯಿತು ಅಂದುಕೊಂಡೆ. ಬೆಚ್ಚಗಾಗುತ್ತ ಬಂದಾಗ ಸೌಟಿನ ಹಿಂದೆ ಒಂದು ಎಳೆ ಮಿಂಚಿತು. ಇನ್ನೆರಡು ಸುತ್ತಿಗೆ ಇಡೀ ಪಾತ್ರೆ ರೇಷ್ಮೆ ಸೀರೆ ಮಡಿಕೆ ಬಿಚ್ಚಿದಂತೆ ಹೊರಳತೊಡಗಿತು. ಮದ್ದೂರಿನವರು ಈ ಸಲ ಬಾಟಲಿ ವಾಲಿಸಿದರು, ಮಾತಾಡದೆ ಎರಡು ಡಜನ್ ಇಳಿಸಿಕೊಂಡರು. ಅವರ ಬೀಗರೊಬ್ಬರ ಅಂಗಡಿ ಮಳವಳ್ಳಿಯಲ್ಲಿತ್ತು. ಮುತ್ತತ್ತಿಯ ಹೊಳೆಗೆ ಸ್ನಾನಕ್ಕೆ ಹೋಗುವವರು ಅಲ್ಲಿ ಬಸ್ಸು ಬದಲಿಸುವಾಗ ಎಣ್ಣೆ, ಸೋಪು, ಬಾಚಣಿಗೆ ಕೊಳ್ಳುತ್ತಿದ್ದರಂತೆ. ದೀಪಾವಳಿಯ ಎಣ್ಣೆನೀರಿಗೆ ಮೊದಲು ಇಪ್ಪತ್ತು ಡಜನ್ ಬೇಕೆಂದು ಆ ಬೀಗರು ಮದ್ದೂರಿನವರ ಮೂಲಕ ಹೇಳಿಕಳಿಸಿದರು. ಹಬ್ಬಕ್ಕೆ ಇನ್ನೂ ಐದು ವಾರ ಇತ್ತು. ನನ್ನೊಬ್ಬಳಿಂದ ಆಗುವ ಕೆಲಸವಲ್ಲ.

ಆಗ ನೆನಪಾದವನು ಅಣ್ಣಯ್ಯ. ನನಗಿಂತ ಹದಿನಾಲ್ಕು ವರ್ಷ ದೊಡ್ಡವನು, ಕೊತ್ತತ್ತಿಯ ಕಡೆ ನಮ್ಮ ತವರಿನಲ್ಲಿ ಇದ್ದವನು. ಆಲೆಮನೆಯಲ್ಲಿ ಪಾಕ ಇಳಿಸುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಬೆಂಡೆಗಿಡದ ಲೋಳೆ ಹಾಕಿ, ಮೇಲೆ ಬಂದ ಮಡ್ಡಿಯನ್ನು ಜಾಲರಿ ಸೌಟಿನಿಂದ ತೆಗೆದು, ಹದ ಬಂದ ಗಳಿಗೆಯಲ್ಲಿ ‘ಇಳಿಸ್ರಲಾ’ ಎಂದರೆ ಮುಗಿಯಿತು, ಆ ಬೆಲ್ಲಕ್ಕೆ ಮಂಡ್ಯದ ಮಂಡಿಯಲ್ಲಿ ಒಳ್ಳೆಯ ಬೆಲೆ. ಆ ವರ್ಷ ಮಾತ್ರ ಅವನು ಆಲೆಮನೆಗೆ ಹೋಗಿರಲಿಲ್ಲ. ಹೊಗೆ ಸಾಕಾಯಿತು ಅಂದಿದ್ದ. ನಾನು ಹೆಚ್ಚಿಗೆ ಕೇಳಲಿಲ್ಲ. ಕಾಯಿಸುವ, ತಿರುಗಿಸುವ, ಹದ ನೋಡುವ ಕೆಲಸಕ್ಕೆ ಇವನಿಗಿಂತ ಬೇರೆ ಯಾರು? ಅದೂ ಊಟ ಹಾಕಿ ಅರ್ಧ ಕೂಲಿ ಕೊಟ್ಟರೆ ಸಾಕು. ಸ್ವಂತ ಅಣ್ಣನ ಜೊತೆಯೂ ನಾನು ಚೌಕಾಸಿ ಮಾಡಿದೆ. ಅವನು ಒಪ್ಪಿದ ವೇಗ ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು.

ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ದೊಡ್ಡ ಅಲ್ಯೂಮಿನಿಯಂ ಪಾತ್ರೆ ಇಟ್ಟು, ಮೊದಲ ಪಾಕಕ್ಕೆ ನಾನೇ ಎಲ್ಲ ಹಾಕಿಕೊಟ್ಟೆ. ಮಿಂಚು ಬರುವ ತನಕ ಮೆಲ್ಲಗೆ ತಿರುಗಿಸು, ಆಮೇಲೆ ಒಂದು ಚಿಟಿಕೆ ಉಪ್ಪು ಹಾಕು ಎಂದು ಹೇಳಿ ಗುಜರಿ ಅಂಗಡಿಗೆ ಬಾಟಲಿ ತರಲು ಹೋದೆ. ಗುಜರಿಯವನ ಹತ್ತಿರ ಬಾಟಲಿಗೆ ಒಂದೊಂದು ಪೈಸೆಗೆ ಗುದ್ದಾಡಿ ಮಧ್ಯಾಹ್ನ ಬರುವ ಹೊತ್ತಿಗೆ ಅಣ್ಣಯ್ಯ ಮುಖ ತೊಳೆದುಕೊಂಡು ನೆಮ್ಮದಿಯಾಗಿ ಬೀಡಿ ಸೇದುತ್ತಿದ್ದ. ಪಕ್ಕದಲ್ಲಿ ಒಂದು ಬಕೆಟ್ಟು. ಬಕೆಟ್ಟಿನ ತುಂಬ ಬೆಣ್ಣೆಯಂಥ ಬಿಳಿ ಕೆನೆ. ಪಾತ್ರೆಯಲ್ಲಿ ಬರೀ ನೀರು.

“ಎಷ್ಟ್ ಮಡ್ಡಿ ಇತ್ತು ಕಣವ್ವ! ಆ ಅಂಗಡಿಯೋನು ನಿಂಗೆ ಗಲೀಜು ಮಾಲ್ ಕೊಟ್ಟವ್ನೆ. ಎಲ್ಲಾ ತಗ್ದಾಕಿವ್ನಿ ಬುಡು” ಅಂದ.

ಏನಾಗಿತ್ತೆಂದರೆ, ತಿರುಗಿಸುವುದನ್ನು ನಿಲ್ಲಿಸಿ ಅವನು ಮಡ್ಡಿ ಮೇಲೆ ಬರಲೆಂದು ಕಾದಿದ್ದಾನೆ. ಹಿತ್ತಲಿನ ಬೆಂಡೆಗಿಡ ಕಿತ್ತು ಜಜ್ಜಿ ಲೋಳೆಯನ್ನೂ ಬಿಟ್ಟಿದ್ದಾನೆ. ಆರುತ್ತ ಬಂದಾಗ ಚಕ್ಕೆಯ ಮೇಣ ಮೇಲೆ ಕೆನೆ ಕಟ್ಟಿದೆ. ಸೌಟಿಗೆ ಅದು ತಗುಲಿದ್ದೇ ತಡ, ಮೂವತ್ತು ವರ್ಷದ ಅಭ್ಯಾಸದಲ್ಲಿ ಚೊಕ್ಕವಾಗಿ ತೆಗೆದು ಬಕೆಟ್ಟಿಗೆ ಹಾಕಿದ್ದಾನೆ. ಉಳಿದದ್ದು ತೆಳ್ಳಗಿತ್ತಲ್ಲ, ಅದಕ್ಕೆ ಉಪ್ಪು. ಗಟ್ಟಿಯಾಗಲಿಲ್ಲ, ಇನ್ನೊಂದು ಹಿಡಿ ಉಪ್ಪು. ಉಪ್ಪು ಒಂದು ಮಟ್ಟದವರೆಗೆ ಗಟ್ಟಿ ಮಾಡುತ್ತದೆ, ಅದನ್ನು ದಾಟಿದರೆ ಇದ್ದ ಗಟ್ಟಿಯನ್ನೂ ಮುರಿಯುತ್ತದೆ.

ನಾನು ಬೈದೆ. ಅಕ್ಕಪಕ್ಕದ ಹಿತ್ತಲಿನವರು ಗೋಡೆಯ ಮೇಲೆ ತಲೆ ಇಟ್ಟು ಕೇಳುವ ಹಾಗೆ ಬೈದೆ. ಹೊಳೆಯುವುದಕ್ಕೂ ಕೊಳೆಗೂ ವ್ಯತ್ಯಾಸ ತಿಳಿಯದವನು ಅದೇನು ಪಾಕ ಇಳಿಸುತ್ತಿದ್ದೆಯೋ, ಆಲೆಮನೆಯವರು ಸುಮ್ಮನೆ ಬಿಡಿಸಿದ್ದಾರೆಯೇ ಎಂದೂ ಅಂದೆ. ಬಾಯಿಗೆ ಬಂದದ್ದು ಅದು, ಗೊತ್ತಿದ್ದು ಆಡಿದ್ದಲ್ಲ. ಅವನ ಕೈಯಲ್ಲಿದ್ದ ಬೀಡಿ ಆರಿಹೋಯಿತು. ಅವನು ತಿರುಗಿ ಹಚ್ಚಲಿಲ್ಲ.

ಮೂರು ದಿನ ಬಿಟ್ಟು ಎರಡನೆಯ ಪಾಕ. ಈ ಸಲ ಪಕ್ಕದಲ್ಲೇ ನಿಂತೆ. ದ್ರವ ಕಾದಿತ್ತು, ತಟ್ಟೆಯಲ್ಲಿ ಚಕ್ಕೆ ತೂಗಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಮುಂಬಾಗಿಲಲ್ಲಿ ಹಾಲಿನವಳು ಕೂಗಿದಳು. ತಟ್ಟೆಯನ್ನು ಕೈಯಲ್ಲೇ ಹಿಡಿದು ಹೋದೆ, ಅವಳ ಜೊತೆ ಅಳತೆಯ ವಿಷಯಕ್ಕೆ ಎರಡು ಮಾತಾಯಿತು, ಸ್ವಲ್ಪ ಹೊತ್ತೇ ಹಿಡಿಯಿತು. ವಾಪಸು ಬರುತ್ತ ದೂರದಿಂದಲೇ, ಅಣ್ಣಯ್ಯ, ಮಿಂಚು ಕಾಣ್ತದಾ ಎಂದು ಕೇಳಿದೆ. ಸುಮ್ಮನೆ ಬಾಯಿಗೆ ಬಂದ ಪ್ರಶ್ನೆ.

“ಓ, ಕಾಣ್ತದೆ. ಪಸಂದಾಗ್ ಬಂದದೆ ಕಣವ್ವ.”

ಚಕ್ಕೆ ನನ್ನ ಕೈಯ ತಟ್ಟೆಯಲ್ಲೇ ಇತ್ತು.

ಮೊದಲು ಬಂದದ್ದು ಸಿಟ್ಟು. ಸುಳ್ಳು ಹೇಳಿ ಕೂಲಿ ಹೊಡೆಯುತ್ತಿದ್ದಾನೆ ಎಂದೇ ನನ್ನ ಬುದ್ಧಿ ಓಡಿತು. ವ್ಯಾಪಾರದ ಬುದ್ಧಿ ಓಡುವುದು ಹಾಗೆಯೇ. ಗೂಡಿನಿಂದ ಎರಡು ಬಾಟಲಿ ತಂದೆ, ಒಂದು ಹಳೆಯ ತಿಳಿ ಶಾಂಪೂ, ಇನ್ನೊಂದು ಮಿಂಚಿನದು. ಅವನ ಮುಂದೆ ಹಿಡಿದು, ಇದರಲ್ಲಿ ಯಾವುದು ಮುತ್ತಿನದು ಹೇಳು ಅಂದೆ. ಅವನು ಎರಡನ್ನೂ ಈಸಿಕೊಂಡ. ನೋಡಲಿಲ್ಲ. ಒಂದೊಂದನ್ನೇ ಕಿವಿಯ ಹತ್ತಿರ ಅಲುಗಿಸಿದ. ಎಡಗೈಯದನ್ನು ಮುಂದೆ ಚಾಚಿ, ಇದು ಅಂದ. ಸರಿಯಾಗಿಯೇ ಹೇಳಿದ. ಆದರೆ ಚಾಚಿದ ಕೈ ನಾನು ನಿಂತ ಕಡೆಗೆ ಬರಲಿಲ್ಲ, ನನ್ನ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಕಡೆಗೆ ಹೋಯಿತು.

ನಾನು ಅದೇ ಕಲ್ಲಿನ ಮೇಲೆ ಕೂತೆ. ಎಷ್ಟು ದಿನದಿಂದ ಹೀಗೆ ಅಂತ ಕೇಳಿದೆ.

“ಎಡಗಣ್ಣು ಓಗಿ ಎರಡ್ ವರ್ಸ ಆಯ್ತು. ಬಲಗಣ್ಣು ಊದುಗೊಳವೆ ಒಳಗಿಂದ ನೋಡ್ದಂಗೆ. ನಿನ್ ಮೂಗ್ ಕಾಣ್ತದೆ, ಕಿವಿ ಕಾಣಕಿಲ್ಲ” ಅಂದು, ಸ್ವಲ್ಪ ನಕ್ಕ. “ಮೂಗಿನ ಮ್ಯಾಲಿನ ಸಿಟ್ಟೂ ಕಾಣ್ತದೆ.”

ಆಮೇಲೆ ನಿಧಾನವಾಗಿ ಎಲ್ಲ ಹೇಳಿದ. ಆಲೆಮನೆಯಲ್ಲಿ ಬೆಲ್ಲದ ಬಣ್ಣ ತಿಳಿಯದೆ ಎರಡು ಕೊಪ್ಪರಿಗೆ ಕಪ್ಪಾಗಿಸಿದ್ದನಂತೆ. ಮಾಲೀಕರು ಒಳ್ಳೆಯವರು, ಬೈಯಲಿಲ್ಲ, ಈ ವರ್ಷ ವಿಶ್ರಾಂತಿ ತಗೋ ಎಂದರಂತೆ. ಅತ್ತಿಗೆಗೂ ಗಂಡುಮಕ್ಕಳಿಗೂ ಹೊಗೆಯ ನೆಪ ಹೇಳಿದ್ದ. ನೆಲ ಹತ್ತಿದರೆ ಬದು, ಜಾರಿದರೆ ನಾಲೆ ಎಂದು ಕಾಲಿನ ಲೆಕ್ಕದಲ್ಲೇ ಗದ್ದೆಗೆ ಹೋಗಿ ಬರುತ್ತಿದ್ದ. ನನ್ನ ಮಾತು ಬಂದಾಗ ಅವನಿಗೆ ದೇವರು ಕಳಿಸಿದ ಹಾಗಾಯಿತಂತೆ, ಮನೆಯಿಂದ ದೂರ, ಪಾಕದ ಕೆಲಸ, ಕೈ ಬಲ್ಲದ್ದು.

ನಾಳೆಯೇ ಮೈಸೂರಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸೋಣ ಅಂದೆ. ನಿಜವಾಗಿಯೂ ಅಂದೆ. ಅವನು ಒಪ್ಪಲಿಲ್ಲ. ಆಸ್ಪತ್ರೆ ಅಂದರೆ ಮನೆಯವರಿಗೆ ತಿಳಿಯುತ್ತದೆ.

“ಗೊತ್ತಾದ್ರೆ ನನ್ನ ಜಗಲಿ ಮ್ಯಾಲೆ ಕೂರಿಸ್ಬುಡ್ತಾರೆ ಕಣವ್ವ. ಕೈಗ್ ಕೋಲ್ ಕೊಟ್ಬುಡ್ತಾರೆ. ನಿನ್ ಮಾಲ್ ಮುಗೀಲಿ, ಹಬ್ಬ ಕಳೀಲಿ, ನೀನ್ ಹೇಳ್ದಲ್ಲಿಗೆ ಬತ್ತೀನಿ.”

ಮಳವಳ್ಳಿಯ ಇಪ್ಪತ್ತು ಡಜನ್ ನನ್ನ ತಲೆಯಲ್ಲಿತ್ತು. ಕೊಡದಿದ್ದರೆ ಆ ಅಂಗಡಿಯೂ ಹೋಯಿತು, ಮದ್ದೂರಿನದೂ ಹೋಯಿತು. ಬೇರೆ ಆಳು ಇಡಬಹುದಿತ್ತು, ಅವನಿಗೆ ಪೂರ್ತಿ ಕೂಲಿ ಕೊಡಬೇಕು, ಮೊದಲಿಂದ ಕಲಿಸಬೇಕು. ಯಾರ ಮಾತಿಗೂ ಬಗ್ಗದವಳು ಅವತ್ತು ಅಣ್ಣಯ್ಯನ ಮಾತಿಗೆ ಬಗ್ಗಿದೆ. ಸರಿ, ಹಬ್ಬ ಕಳೆಯಲಿ ಅಂದೆ. ಅವನ ಮಾನ ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ.

ಕೆಲಸ ಮಾತ್ರ ಚೆನ್ನಾಗಿ ನಡೆಯಿತು. ಬೆಂಕಿ, ಅಳತೆ, ಚಕ್ಕೆ ನನ್ನದು. ತಿರುಗಿಸುವುದು ಅವನದು. ಮೇಣ ಹರಳು ಕಟ್ಟಲು ಶುರುವಾದಾಗ ಮರದ ಸೌಟು ಒಂದು ಕೂದಲೆಳೆಯಷ್ಟು ತೂಕ ಏರುತ್ತದೆ ಎಂದು ಅವನು ಕಂಡುಹಿಡಿದ. ‘ಮಿಂಚು ಬತ್ತಾ ಅದೆ’ ಅನ್ನುತ್ತಿದ್ದ. ನಾನು ಬಗ್ಗಿ ನೋಡಿದರೆ ಇನ್ನೂ ಮಂಕು. ಹತ್ತು ಸುತ್ತು ಕಳೆದರೆ ಮಿಂಚು ಎದ್ದೇ ಏಳುತ್ತಿತ್ತು. ಕಣ್ಣಿದ್ದ ನನಗಿಂತ ಮೊದಲೇ ಅವನಿಗೆ ತಿಳಿಯುತ್ತಿತ್ತು. ನೊರೆ ಏಳದಂತೆ, ಗಾಳಿಗುಳ್ಳೆ ಸೇರದಂತೆ ಅಷ್ಟು ಮೆತ್ತಗೆ ತಿರುಗಿಸುವ ಕೈಯನ್ನು ಆಮೇಲೆ ನಾನು ಕಂಡಿಲ್ಲ.

ಹಬ್ಬಕ್ಕೆ ಹತ್ತು ದಿನ ಇರುವಾಗ ಒಂದು ಸಂಜೆ ತಲೆನೋವು ಅಂದ. ಬಲಗಣ್ಣಿನ ಮೇಲ್ಭಾಗ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಲೈಟಿನ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತದೆ ಅಂದ. ನಿನಗೂ ಮಿಂಚು ಕಾಣಕ್ಕೆ ಶುರುವಾಯ್ತು ಬಿಡು ಎಂದು ನಾನು ತಮಾಷೆ ಮಾಡಿದೆ. ಹಣೆಗೆ ಮುಲಾಮು ತಿಕ್ಕಿ ಶುಂಠಿ ಕಾಫಿ ಕೊಟ್ಟೆ. ಕಾಫಿ ವಾಂತಿಯಾಯಿತು. ಬೆಳಿಗ್ಗೆ ಎದ್ದು, ಈಗ ವಾಸಿ ಎಂದು ಪಾತ್ರೆಯ ಮುಂದೆ ಕುಳಿತ. ಅವತ್ತು ಕೊನೆಯ ನಾಲ್ಕು ಡಜನ್ ಇತ್ತು.

ಮಾಲು ಮಳವಳ್ಳಿಗೆ ಹೋಯಿತು. ಹಬ್ಬ ಆಯಿತು. ಹಬ್ಬದ ಮೂರನೆಯ ದಿನ ಮೈಸೂರಿಗೆ ಹೋದೆವು. ಡಾಕ್ಟರು ವಯಸ್ಸಾದವರು, ಕತ್ತಲೆ ಕೋಣೆಯಲ್ಲಿ ಬಹಳ ಹೊತ್ತು ನೋಡಿದರು. ಇದು ಪೊರೆಯಲ್ಲ, ಪೊರೆಯಾದರೆ ಕತ್ತರಿಸಿ ತೆಗೆಯಬಹುದಿತ್ತು. ಕಣ್ಣಿನ ಒಳಗೆ ಒತ್ತಡ ಏರಿ ನರ ಸಾಯುವ ರೋಗ. ಸತ್ತದ್ದು ಮತ್ತೆ ಬರುವುದಿಲ್ಲ, ಉಳಿದದ್ದನ್ನು ಔಷಧಿಯ ಹನಿ ಹಾಕಿ ಹಿಡಿದುಕೊಳ್ಳಬೇಕು ಎಂದರು. ತಲೆನೋವು, ವಾಂತಿ, ಬಣ್ಣದ ಬಳೆ ಇತ್ತೇ ಎಂದು ಕೇಳಿದರು. ಇತ್ತು ಅಂದೆ. ಆ ದಿನವೇ ಬರಬೇಕಿತ್ತು ಎಂದರು. ಮನೆಯವರಿಗೆ ಇದು ಯಾವಾಗ ಗೊತ್ತಾಯಿತು ಎಂದು ನನ್ನನ್ನೇ ನೋಡಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಣ್ಣಯ್ಯ ಹೇಳಿದ.

“ಮೊನ್ನೆ ಸ್ವಾಮಿ. ಹಬ್ಬದ ದಿನ ನಾನೇ ಹೇಳ್ದೆ. ಗೊತ್ತಾದ್ ತಕ್ಷಣ ಕರ್ಕಂಡ್ ಬಂದವ್ಳೆ.”

ನಾನು ತಿದ್ದಲಿಲ್ಲ. ಇವತ್ತಿಗೂ ನನಗೆ ಅನ್ನ ಇಳಿಯದ ಹಾಗೆ ಮಾಡುವುದು ಅದು. ಅವನು ಹೇಳಿದ ಸುಳ್ಳಲ್ಲ, ನಾನು ಸುಮ್ಮನಿದ್ದದ್ದು. ಅಣ್ಣಯ್ಯನನ್ನು ಹೊರಗೆ ಕರೆತಂದು ಮರದ ಕೆಳಗೆ ಕೂರಿಸಿದೆ. ತಲೆನೋವು ಬಂದ ದಿನವೇ ಬಂದಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ನಾನೊಬ್ಬಳೇ ಒಳಗೆ ಹೋಗಿ ಕೇಳಿದೆ. ಇಷ್ಟೇ ಎಂದು ಹೇಳಲಾಗುವುದಿಲ್ಲ, ಈಗಿರುವುದಕ್ಕಿಂತ ಹೆಚ್ಚು ಎಂದರು ಡಾಕ್ಟರು.

ಊರಿಗೆ ಹೋಗಿ ಅತ್ತಿಗೆಗೆ, ಮಕ್ಕಳಿಗೆ ನಾನೇ ಹೇಳಿದೆ. ಅವನು ಹೆದರಿದ ಹಾಗೆ ಜಗಲಿಯ ಮೇಲೆ ಕೂರಿಸಿದರು, ಪ್ರೀತಿಯಿಂದಲೇ ಕೂರಿಸಿದರು. ಒಂದು ತಿಂಗಳು ಕೂತ. ಆಮೇಲೆ ದೊಡ್ಡ ಮಗ ಬಸ್ಸಿನಲ್ಲಿ ಕರೆತಂದು ನಮ್ಮ ಮನೆಗೆ ಬಿಟ್ಟುಹೋದ, ಅಪ್ಪ ಊಟ ಬಿಟ್ಟಿದ್ದಾನೆ ಅತ್ತೆ, ಏನಾದರೂ ತಿರುಗಿಸಲಿ ಎಂದು. ಪೂರ್ತಿ ಕೂಲಿಗೆ ನನ್ನ ಹತ್ತಿರ ಇದ್ದ. ಬೆಳಿಗ್ಗೆ ಸಂಜೆ ನಾನೇ ಕಣ್ಣಿಗೆ ಹನಿ ಬಿಡುತ್ತಿದ್ದೆ. ಊದುಗೊಳವೆಯ ಬೆಳಕು ಮೂರು ವರ್ಷ ಉಳಿಯಿತು. ಆಮೇಲೆ ಅದೂ ಆರಿತು.

ಈಗ ಮನೆಯಲ್ಲೇ ಶಾಂಪೂ ಮಾಡುವ ಹೆಣ್ಣುಮಕ್ಕಳು ನನ್ನ ಹತ್ತಿರ ಹದ ಕೇಳಲು ಬರುತ್ತಾರೆ. ನಾಲ್ಕು ರೂಪಾಯಿಯ ವಿದ್ಯೆಯನ್ನು ಬಿಟ್ಟಿಯಾಗಿಯೇ ಕೊಡುತ್ತೇನೆ, ನೀವೂ ತೆಗೆದುಕೊಳ್ಳಿ. ಒಂದು ಲೀಟರಿಗೆ ಎರಡು ಚಮಚ ಚಕ್ಕೆ ಸಾಕು, ಹೆಚ್ಚು ಹಾಕಿದರೆ ತಲೆಯಲ್ಲಿ ಮೇಣ ಉಳಿಯುತ್ತದೆ. ದ್ರವ ಬೆರಳು ತಾಳದಷ್ಟು ಬಿಸಿಯಾಗಲಿ, ಕುದಿಯುವುದು ಬೇಡ. ಚಕ್ಕೆ ಪೂರ್ತಿ ಕರಗಿದ ಮೇಲೆ ಇಳಿಸಿ, ತಾನಾಗಿ ಆರಲು ಬಿಡಿ. ಅವಸರಕ್ಕೆ ತಣ್ಣೀರಿನಲ್ಲಿ ಇಟ್ಟರೆ ಮಿಂಚು ಬರುವುದಿಲ್ಲ, ಮರಳು ಮರಳಾಗುತ್ತದೆ. ತಿರುಗಿಸುವುದನ್ನು ನಡುವೆ ನಿಲ್ಲಿಸಬೇಡಿ, ಬಡಿಯಲೂ ಬೇಡಿ. ಉಪ್ಪನ್ನು ಕೊನೆಗೆ, ನೀರಿನಲ್ಲಿ ಕರಗಿಸಿ, ಚಮಚ ಚಮಚವಾಗಿ ಹಾಕಿ. ಗಟ್ಟಿಯಾಯಿತು ಅನ್ನಿಸಿದ ತಕ್ಷಣ ಕೈ ತೆಗೆಯಿರಿ. ಬಾಟಲಿ ಗಟ್ಟಿ ಇದೆ ಎಂದು ಹೆಚ್ಚು ಬೆಲೆ ಹೇಳುವವರ ಹತ್ತಿರ ಕೊಳ್ಳಬೇಡಿ, ಒಂದು ಹನಿ ಅಂಗೈಯಲ್ಲಿ ಉಜ್ಜಿ ನೊರೆ ನೋಡಿ ಕೊಳ್ಳಿ.

ಜೊತೆಯಲ್ಲಿ ಕೆಲಸ ಮಾಡುವವರನ್ನು ‘ಕಾಣುತ್ತದಾ’ ಎಂದು ಕೇಳಬೇಡಿ. ಯಾರೂ ‘ಇಲ್ಲ’ ಅನ್ನುವುದಿಲ್ಲ. ಏನು ಕಾಣುತ್ತದೆ ಹೇಳು ಎಂದು ಕೇಳಿ. ನಲವತ್ತು ದಾಟಿದವರು ಮನೆಯಲ್ಲಿದ್ದು, ಪಕ್ಕದಲ್ಲಿಟ್ಟ ಲೋಟಕ್ಕೆ ಕೈ ತಗುಲಿಸಿ ಬೀಳಿಸುತ್ತಿದ್ದರೆ ಬೈಯಬೇಡಿ, ಒಂದು ಸಲ ಕಣ್ಣಿನ ಒತ್ತಡ ನೋಡಿಸಿ. ಕಣ್ಣುನೋವಿನ ಜೊತೆ ವಾಂತಿಯಾಗಿ, ದೀಪದ ಸುತ್ತ ಬಣ್ಣ ಕಂಡಿತೆಂದರೆ ಅವತ್ತೇ ಹೊರಡಿ. ಅಂಗಡಿಯವರು ಕಾಯುತ್ತಾರೆ. ಬೈಯುತ್ತಾರೆ, ಆದರೆ ಕಾಯುತ್ತಾರೆ. ಮಳವಳ್ಳಿಯವರು ಮುಂದಿನ ವರ್ಷ ಎರಡು ವಾರ ತಡವಾದ ಮಾಲನ್ನೂ ತೆಗೆದುಕೊಂಡರು. ಆಸ್ಪತ್ರೆಗೆ ಹೋಗುವಾಗ ಬುತ್ತಿ ಕಟ್ಟಿಕೊಳ್ಳಿ, ಕಣ್ಣಿಗೆ ಹನಿ ಹಾಕಿ ಗಂಟೆಗಟ್ಟಲೆ ಕೂರಿಸುತ್ತಾರೆ. ಹೊರಗೆ ಬಂದಾಗ ಅವರಿಗೆ ಬಿಸಿಲು ತಡೆಯುವುದಿಲ್ಲ, ಒಂದು ಕೊಡೆ ಇರಲಿ. ಡಾಕ್ಟರು ಕೇಳಿದ್ದಕ್ಕೆ ನೀವೇ ಉತ್ತರ ಹೇಳಿ, ಇದ್ದದ್ದು ಇದ್ದ ಹಾಗೆ.